ಬಚ್ಚಲಿಗೊಂದು ಟೈಲು

ಸೊಂಟಕ್ಕೆ ಸ್ಟೀಲು ಹಾಕಿದ ಮೇಲೆ
ಡಾಕ್ಟರು ಹೇಳಿದ್ದು ಒಂದೇ ಮಾತು:
ಬಗ್ಗಬೇಡಿ.
ಅಂದಿನಿಂದ ನನ್ನ ಪಾದಗಳು
ಬೇರೆ ಊರಲ್ಲಿವೆ.
ಅಲ್ಲೇನು ನಡೆಯುತ್ತಿದೆಯೋ,
ಹಿಮ್ಮಡಿ ಎಷ್ಟು ಬಿರಿಯಿತೋ,
ನಾಗವೇಣಿ ನೋಡಿ ಹೇಳಿದರೆ ಗೊತ್ತು.

ತಂಗಿಯ ಮಗಳು. ಅಂಗನವಾಡಿಗೆ ಹೊರಡುವ ಮುಂಚೆ
ಸೀರೆ ಎತ್ತಿ ಕಟ್ಟಿ, ಚೊಂಬು ಹಿಡಿದು ಕೂರುತ್ತಾಳೆ.
ಅವಳ ಬೈತಲೆ ನೋಡುತ್ತಾ ನಾನು
ಸಾಕು ಬಿಡೇ, ಸಾಕು ಬಿಡೇ ಅನ್ನುತ್ತೇನೆ.
ಹಿರಿಯರ ಕಾಲು ಮುಟ್ಟಿದರೆ ಪುಣ್ಯವಂತೆ.
ದಿನಾ ಮುಟ್ಟಿದರೆ ಅದು ಬರೀ ಕೆಲಸ,
ಪಾತ್ರೆ ತೊಳೆದ ಹಾಗೆ.
ಅವಳು ಅಂದದ್ದಲ್ಲ. ನಾನೇ ಅಂದುಕೊಂಡದ್ದು.

ಮುದ್ದೆ ಕೋಲಿಗೆ ಬಟ್ಟೆ ಸುತ್ತಿ ನೋಡಿದೆ.
ತುದಿ ಕಾಲಿಗೆ ತಾಗುವಷ್ಟರಲ್ಲಿ
ಕೈಯೇ ಸೋಲುತ್ತಿತ್ತು.
ಕೋಲನ್ನು ಮತ್ತೆ ಅಡುಗೆಮನೆಯಲ್ಲಿಡಲು ಮನಸ್ಸಾಗದೆ
ಹೊಸದೊಂದು ತರಿಸಿದ್ದು ಬೇರೆ ಖರ್ಚು.

ಆಮೇಲೆ ಬಂತು ಈ ವಸ್ತು.
ಆಸ್ಪತ್ರೆಯ ವ್ಯಾಯಾಮದ ಹುಡುಗಿ ಹೆಸರು ಬರೆದುಕೊಟ್ಟಳು,
ಮುನ್ನೂರ ಎಂಬತ್ತು ರೂಪಾಯಿ:
ಹಸಿರು ಪ್ಲಾಸ್ಟಿಕ್ಕಿನ ಒಂಟಿ ಚಪ್ಪಲಿ,
ಒಳಗೆಲ್ಲ ಬ್ರಶ್ಶಿನ ಕೂದಲು,
ಅಡಿಯಲ್ಲಿ ರಬ್ಬರಿನ ಪುಟ್ಟ ಬಟ್ಟಲುಗಳು.
ನೆಲಕ್ಕೆ ಒತ್ತಿ ಕೂರಿಸಿ, ಸೋಪು ಹಚ್ಚಿ,
ಕಾಲು ತೂರಿಸಿ ಆಡಿಸಿದರೆ ಆಯಿತು.
ಬಗ್ಗಬೇಕಿಲ್ಲ. ಯಾರನ್ನೂ ಕರೆಯಬೇಕಿಲ್ಲ.

ಆದರೆ ನಮ್ಮ ಬಚ್ಚಲು ಚಪ್ಪಡಿ ಕಲ್ಲಿನದು.
ಜಾರದಿರಲೆಂದು ಯಜಮಾನರು
ಕಲ್ಲುಕುಟಿಗನನ್ನು ಕೂರಿಸಿ
ಮಚ್ಚೆ ಮಚ್ಚೆ ಕೊರೆಸಿದ್ದರು.
ರಬ್ಬರು ಅದನ್ನು ಕಚ್ಚಲಿಲ್ಲ.
ಕಾಲಿಟ್ಟೊಡನೆ ಚಪ್ಪಲಿ
ಸರ್ರನೆ ಹಂಡೆಯ ಬುಡಕ್ಕೆ ಓಡಿತು,
ನೊರೆ ಮೆತ್ತಿಕೊಂಡ ಹೆಗ್ಗಣದಂತೆ.
ನಾಗವೇಣಿ ನಕ್ಕಳು. ನಾನೂ.
ಆಮೇಲೆ ಗೋಡೆ ಹಿಡಿದು ಸುಮ್ಮನೆ ನಿಂತೆ.

ನುಣ್ಣಗಿನ ಟೈಲು ಒಂದಿದ್ದರೆ ಸಾಕು ಅಂದವನು ದಸ್ತಗೀರ್,
ಪಕ್ಕದ ಬೀದಿಗೆ ಗಾರೆ ಕೆಲಸಕ್ಕೆ ಬಂದವನು.
ಯಾರದೋ ಮನೆಯಲ್ಲಿ ಮಿಕ್ಕಿದ್ದು, ನೀಲಿ ಹೂವಿನದು,
ಟವೆಲಿನಲ್ಲಿ ಸುತ್ತಿ ತಂದ.
ಸಿಮೆಂಟು ಎಳೆದು, ಕುಕ್ಕರಗಾಲಲ್ಲಿ ಕೂತು
ರಸಮಟ್ಟ ನೋಡುವಾಗ
ಕಂಡಿತು ಅವನ ಎಡಪಾದ:
ಬೆರಳಿಂದ ಕಣಕಾಲಿನವರೆಗೆ
ಎಳೆ ತೆಗೆದ ಗೂಡಿನ ಸಿಪ್ಪೆಯಂತೆ ಸುಕ್ಕಾದ ಚರ್ಮ.

ಆಗ ಅವನಿಗೆ ಒಂಬತ್ತೋ ಹತ್ತೋ.
ಇದೇ ಶಿಡ್ಲಘಟ್ಟದ ತಗಡಿನ ಶೆಡ್ಡು,
ಹುಳು ಬೆಂದ ವಾಸನೆ.
ನಾನು ಬೇಸನ್ನಿನ ಮುಂದೆ,
ಅವನು ನನ್ನ ಚರಕ ತಿರುಗಿಸುವವನು.
ತೂಕಡಿಸಿದ. ಕುದಿನೀರು ಕಾಲ ಮೇಲೆ ಬಿತ್ತು.
ತಣ್ಣೀರು ಹೊಯ್ದವಳು ನಾನೇ.
ಸಂಜೆ ಮಾಲೀಕ ಅವನ ಅರ್ಧ ದಿನ ಮುರಿದುಕೊಂಡಾಗ
ಎಲ್ಲಿ ಎಳೆ ಕಡಿದೀತೋ ಎಂಬಂತೆ
ಬೇಸನ್ನಿನೊಳಗೇ ಕಣ್ಣಿಟ್ಟವಳೂ ನಾನೇ.

ಎಷ್ಟಾಯ್ತಪ್ಪ, ಅಂದೆ.
ಕರಣೆ ತೊಳೆಯುತ್ತಾ, ತಲೆಯೆತ್ತದೆ,
ಅರ್ಧ ದಿನದ ಕೂಲಿ ಕೊಡಮ್ಮ, ಅಂದ.
ನಗಲಿಲ್ಲ. ಸಿಟ್ಟೂ ಇರಲಿಲ್ಲ.
ಅಂದಿನ ದರವೋ ಇಂದಿನದೋ
ಕೇಳಲು ನಾಲಿಗೆ ಏಳದೆ
ಸೆರಗಿನ ಗಂಟನ್ನೇ ಬಿಚ್ಚಿ ಹಿಡಿದೆ.
ಐನೂರರ ನೋಟು ತೆಗೆದುಕೊಂಡು
ನೂರು ವಾಪಸು ಇಟ್ಟ.
ಎರಡು ದಿನ ನೀರು ಹುಯ್ಯಬೇಡ, ಅಂದು ಹೋದ.

ಮೂರನೆಯ ಬೆಳಿಗ್ಗೆ
ಸ್ಟೂಲಿನ ಮೇಲೆ ಕೂತು, ಬಾಗಿಲು ಹಾಕಿಕೊಂಡು
ಕಾಲು ತೂರಿಸಿದೆ. ಅಲುಗಲಿಲ್ಲ.
ಬಿಸಿನೀರು. ಕೂದಲು ಬೆರಳ ಸಂದಿಯಲ್ಲಿ ತಡಕಾಡಿತು,
ಬೆಂದ ಗೂಡುಗಳ ಮೇಲೆ ಬ್ರಶ್ಶು ಆಡಿಸಿ
ಎಳೆಯ ತುದಿ ಹುಡುಕುತ್ತಿದ್ದೆನಲ್ಲ, ಹಾಗೆ.
ತುದಿಯೊಂದು ಸಿಕ್ಕರೆ ಸಾಕು,
ಸಾವಿರ ಗಜ ಬಿಚ್ಚಿಕೊಳ್ಳುತ್ತದೆ.
ನೀರು ಆರುವವರೆಗೂ ಕೂತೇ ಇದ್ದೆ.

ಕಿರುಬೆರಳ ಸಂದಿಗೆ ಮಾತ್ರ ಅದು ತಲುಪುವುದಿಲ್ಲ.
ಭಾನುವಾರ ನಾಗವೇಣಿಯನ್ನು ಕೂಗುತ್ತೇನೆ.